ಶಬ್ದ ತಡೆದುಕೊಳ್ಳಲಾಗದ ಮಕ್ಕಳಿಗೆ ವಿಆರ್ ಹೆಡ್‌ಸೆಟ್‌ನಲ್ಲಿ ಮೈಂಡ್‌ಫುಲ್‌ನೆಸ್: ಕೊಡಿಸಬಹುದೇ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ವರ್ಷ, ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕುಕ್ಕರಿನ ವಿಷಲ್, ಮಿಕ್ಸಿ, ಶಾಲೆಯ ಗಂಟೆ, ಮದುವೆಮನೆಯ ಡೋಲು, ಇವುಗಳಲ್ಲಿ ಯಾವುದು ಕೇಳಿದರೂ ಕಿವಿ ನೋಯುತ್ತದೆ ಎನ್ನುತ್ತಾಳೆ. ವಿಷಲ್ ಬರುವುದಕ್ಕೆ ಮುಂಚೆ ಕುಕ್ಕರಿನ ವೇಟ್ ಅಲುಗಾಡಿ ಸಣ್ಣಗೆ 'ಚಿಸ್ ಚಿಸ್' ಎನ್ನುತ್ತದಲ್ಲ, ಅಷ್ಟಕ್ಕೇ ಬರೆಯುತ್ತಿದ್ದ ಪೆನ್ಸಿಲನ್ನು ಬಿಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತಾಳೆ. ಈಚೆಗೆ, ದೀಪ ಆರಿಸಿ ಮಲಗಿದ ಮೇಲೆ ಕಿವಿಯೊಳಗೆ 'ಕುಯ್' ಎಂಬ ಸದ್ದು ಬರುತ್ತದೆ ಎಂದೂ ಹೇಳಲು ಆರಂಭಿಸಿದ್ದಾಳೆ. ಶ್ರವಣ ಪರೀಕ್ಷೆ ಮಾಡಿಸಿದ್ದೇವೆ. ಕೇಳುವ ಶಕ್ತಿಯಲ್ಲಿ ಯಾವ ಕೊರತೆಯೂ ಇಲ್ಲವಂತೆ. ದೊಡ್ಡವಳಾಗುತ್ತಾ ಸರಿಹೋಗುತ್ತದೆ ಎಂದು ಹೇಳಿ ಕಳುಹಿಸಿದರು.

ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ, ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕ ಕಾಣಿಸುವ ಸಾಧನ) ಹಾಕಿಸಿ ಕಾಡು, ಕಡಲು ತೋರಿಸುತ್ತಾ ಉಸಿರಾಟದ ಮೇಲೆ ಗಮನ ಇಡಿಸುವ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮಗಳಿವೆ, ಅವಳಿಗೆ ಒಂದು ಕೊಡಿಸು ಎನ್ನುತ್ತಿದ್ದಾನೆ. ಇದರಿಂದ ನಿಜವಾಗಿ ಪ್ರಯೋಜನವಾಗುತ್ತದೆಯೇ? ಒಂಬತ್ತು ವರ್ಷದವಳಿಗೆ ಅದನ್ನು ಹಾಕಬಹುದೇ? ದುಡ್ಡಿನ ಪ್ರಶ್ನೆ ಹಾಗಿರಲಿ, ಒಂದು ತೊಂದರೆ ಕಳೆಯಲು ಹೋಗಿ ಪರದೆಯ ಗೀಳನ್ನು ಮನೆಗೆ ತಂದುಕೊಂಡ ಹಾಗೆ ಆಗಬಾರದು ಎಂಬುದು ನನ್ನ ಆತಂಕ.

ನಿವೃತ್ತ ಮೇಷ್ಟ್ರು
ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದೇ ದೊಡ್ಡ ಸಾಹಸವಾಗಿರುವಾಗ ಅದನ್ನೇ ತಂದು ಮುಖಕ್ಕೆ ಕಟ್ಟುವುದು ಯಾವ ಬುದ್ಧಿವಂತಿಕೆ ಸ್ವಾಮಿ?

ಆಡಿಯಾಲಜಿ_ಮೈಸೂರು
ನಾನು ಆಡಿಯಾಲಜಿಸ್ಟ್, ಶ್ರವಣ ಪರೀಕ್ಷೆ ಮತ್ತು ಶಬ್ದದ ತೊಂದರೆಗಳನ್ನು ನೋಡುವುದು ನನ್ನ ಕೆಲಸ. ಹೆಡ್‌ಸೆಟ್ಟಿನ ವಿಷಯಕ್ಕೆ ಹೋಗುವ ಮೊದಲು ಒಂದು ಗೊಂದಲವನ್ನು ಬಿಡಿಸೋಣ. 'ಶಬ್ದದ ತೊಂದರೆ' ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಕನಿಷ್ಠ ಮೂರು ಬಗೆಗಳಿವೆ. ಹೊರಗೆ ಯಾವ ಶಬ್ದವೂ ಇಲ್ಲದಿರುವಾಗ ಕಿವಿಯಲ್ಲಿ ಅಥವಾ ತಲೆಯಲ್ಲಿ ಕೇಳಿಸುವುದು ಟಿನ್ನಿಟಸ್. ಎಲ್ಲರೂ ಸಹಿಸಿಕೊಳ್ಳುವ ಮಟ್ಟದ ಸದ್ದು ಒಬ್ಬರಿಗೆ ಮಾತ್ರ ಅತಿ ಜೋರಾಗಿ, ನೋವಾಗುವಂತೆ ಕೇಳಿಸಿದರೆ ಅದು ಹೈಪರಾಕ್ಯುಸಿಸ್. ಅಗಿಯುವ ಸದ್ದು, ಮೂಗೆಳೆಯುವ ಸದ್ದು, ಪೆನ್ನಿನ ಟಿಕ್‌ಟಿಕ್ ಎಂಬಂಥ ನಿರ್ದಿಷ್ಟ ಸದ್ದುಗಳು, ಎಷ್ಟೇ ಮೆಲ್ಲಗಿದ್ದರೂ, ಕೋಪವನ್ನೋ ಅಸಹ್ಯವನ್ನೋ ಕೆರಳಿಸಿದರೆ ಅದು ಮಿಸೊಫೋನಿಯಾ. ನಿಮ್ಮ ಮಗಳ ವಿವರಣೆಯಲ್ಲಿ ಮೊದಲಿನ ಎರಡೂ ಕಾಣುತ್ತಿವೆ. ಆದರೆ ನೋಡದೆ ಹೇಳುವುದು ಸರಿಯಲ್ಲ.

ಅವಳಿಗೆ ಮಾಡಿದ್ದು ಬಹುಶಃ ಪ್ಯೂರ್ ಟೋನ್ ಆಡಿಯೊಮೆಟ್ರಿ. ಎಷ್ಟು ಮೆಲ್ಲಗಿನ ಸದ್ದು ಕೇಳಿಸುತ್ತದೆ ಎಂಬುದನ್ನು ಅದು ಅಳೆಯುತ್ತದೆಯೇ ಹೊರತು, ಯಾವ ಮಟ್ಟದಿಂದ ಮೇಲೆ ಸದ್ದು ಅಸಹನೀಯವಾಗುತ್ತದೆ ಎಂಬುದನ್ನಲ್ಲ. ಅದಕ್ಕೆ ಲೌಡ್‌ನೆಸ್ ಡಿಸ್‌ಕಂಫರ್ಟ್ ಲೆವೆಲ್ ಎಂಬ ಬೇರೆ ಅಳತೆ ಇದೆ, ಮಕ್ಕಳಲ್ಲಿ ಅದನ್ನು ಬಹಳ ನಿಧಾನವಾಗಿ, ಅವರನ್ನು ಹೆದರಿಸದೆ ಮಾಡಬೇಕು. ಕಿವಿಯ ಹಿಂದೆ ದ್ರವ ನಿಂತಿದೆಯೇ ಎಂಬುದನ್ನೂ ಕಿವಿ, ಮೂಗು, ಗಂಟಲಿನ ವೈದ್ಯರಿಂದ ನೋಡಿಸಿ. 'ಸರಿಹೋಗುತ್ತದೆ' ಎಂಬ ಮಾತಿನ ಮೇಲೆ ಸುಮ್ಮನೆ ಕೂರಬೇಡಿ.

ತುಂಗಾತೀರ
ಕಿವಿಯ ಹಿಂದೆ ಎಂದರೆ ಹೊರಗಡೆಯೇ?

ಆಡಿಯಾಲಜಿ_ಮೈಸೂರು
ಅಲ್ಲ, ಕಿವಿಯೊಳಗಿನ ತಮಟೆಯ ಹಿಂದಿನ ಭಾಗ, ಅಂದರೆ ಮಧ್ಯಕಿವಿ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಅಲ್ಲಿ ದ್ರವ ನಿಲ್ಲುವುದು ಸಾಮಾನ್ಯ.

ಹುಬ್ಬಳ್ಳಿ ಅಮ್ಮ
ನಮ್ಮ ಮನೆಯದು ಮೂರನೆಯ ಬಗೆ. ಮಗನಿಗೆ ಹದಿನಾಲ್ಕು. ಅವನ ಅಪ್ಪ ಖಡಕ್ ರೊಟ್ಟಿ ಮುರಿದು ತಿನ್ನುವ ಸದ್ದಿಗೆ ತಟ್ಟೆ ಎತ್ತಿಕೊಂಡು ಮಹಡಿಗೆ ಹೋಗುತ್ತಾನೆ. ಅದೇ ರೊಟ್ಟಿಯನ್ನು ತಾನು ತಿಂದರೆ ಏನೂ ಆಗುವುದಿಲ್ಲ. ನೆಂಟರ ಎದುರು ಇದನ್ನು ವಿವರಿಸುವುದು ಹೇಗೆಂದೇ ತಿಳಿಯುವುದಿಲ್ಲ. ಎಲ್ಲರೂ 'ಶಿಸ್ತು ಕಲಿಸಿಲ್ಲ' ಎಂದು ನನ್ನ ಮುಖ ನೋಡುತ್ತಾರೆ. ಇಂಥವನಿಗೆ ಹೆಡ್‌ಸೆಟ್ ಹಾಕಿ ಕಡಲು ತೋರಿಸಿದರೆ ಏನು ಬದಲಾದೀತು? ಅವನಿಗೆ ಬರುವುದು ಭಯವಲ್ಲ, ಸಿಟ್ಟು.

ಆಡಿಯಾಲಜಿ_ಮೈಸೂರು
ಶಿಸ್ತಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಆ ನೆಂಟರಿಗೆ ಧೈರ್ಯವಾಗಿ ಹೇಳಿ. ಮಿಸೊಫೋನಿಯಾ ಎಂಬ ಹೆಸರನ್ನು 2001ರಲ್ಲಿ ಕೊಟ್ಟವರು ಮಾರ್ಗರೆಟ್ ಮತ್ತು ಪಾವೆಲ್ ಯಾಸ್ಟ್ರೆಬಾಫ್. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸುಖ್ಬಿಂದರ್ ಕುಮಾರ್ ಮತ್ತು ಸಂಗಡಿಗರು 2017ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಇಂಥವರಲ್ಲಿ ಕೆರಳಿಸುವ ಸದ್ದು ಬಿದ್ದಾಗ ಮೆದುಳಿನ ಆಂಟೀರಿಯರ್ ಇನ್ಸುಲಾ ಎಂಬ ಭಾಗ ಉಳಿದವರಿಗಿಂತ ಬಹಳ ಹೆಚ್ಚು ಚುರುಕಾಗುತ್ತಿತ್ತು. ಯಾವ ವಿಷಯಕ್ಕೆ ತಕ್ಷಣ ಗಮನ ಕೊಡಬೇಕು ಎಂದು ತೀರ್ಮಾನಿಸುವುದರಲ್ಲಿ ಆ ಭಾಗಕ್ಕೆ ಪಾತ್ರವಿದೆ. 2021ರ ಅವರ ಇನ್ನೊಂದು ಅಧ್ಯಯನದಲ್ಲಿ, ಬಾಯಿ ಮತ್ತು ಮುಖದ ಚಲನೆಗೆ ಸಂಬಂಧಿಸಿದ ಭಾಗದೊಂದಿಗೆ ಶ್ರವಣ ಭಾಗದ ನಂಟು ಇವರಲ್ಲಿ ಹೆಚ್ಚಾಗಿರುವುದು ಕಂಡಿತು. ಎದುರಿಗಿರುವವರ ಅಗಿತವೇ ತನ್ನೊಳಗೆ ನುಗ್ಗಿ ಬಂದಂತೆ ಎಂದು ಕೆಲವರು ಹೇಳುವುದಕ್ಕೆ ಇದು ಹೊಂದುತ್ತದೆ.

ಲೆಸ್ಟರ್ ಕನ್ನಡಿಗ
ನಾನು ಇಂಗ್ಲೆಂಡಿನಲ್ಲಿದ್ದೇನೆ, ನನ್ನ ಮಗನಿಗೂ ಟಿನ್ನಿಟಸ್ ಇದೆ. ಇಲ್ಲಿ ಮೊದಲ ಭೇಟಿಯಲ್ಲಿ ಅವನ ಕೈಗೆ ಕಾಗದ, ಬಣ್ಣದ ಪೆನ್ಸಿಲ್ ಕೊಟ್ಟು 'ನಿನ್ನ ಸದ್ದನ್ನು ಬರೆದು ತೋರಿಸು' ಎಂದರು. ಅವನು ಹಳದಿ ಬಣ್ಣದ, ಕಾಲುಗಳಿರುವ ಒಂದು ಸ್ಪ್ರಿಂಗ್ ಬರೆದ. ನಮ್ಮ ಪ್ರಶ್ನೆಗಳಿಗೆಲ್ಲ 'ಗೊತ್ತಿಲ್ಲ' ಎನ್ನುತ್ತಿದ್ದ ಹುಡುಗ ಆ ಚಿತ್ರದ ಕುರಿತು ಅರ್ಧ ಗಂಟೆ ಮಾತನಾಡಿದ.

ಮೈಂಡ್‌ಫುಲ್‌ನೆಸ್ ವಿಷಯಕ್ಕೆ ಬಂದರೆ, ಲಂಡನ್ನಿನಲ್ಲಿ ಲಾರೆನ್ಸ್ ಮೆಕೆನ್ನಾ ಅವರ ತಂಡ ಟಿನ್ನಿಟಸ್ ಇರುವ 75 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೈಂಡ್‌ಫುಲ್‌ನೆಸ್ ಆಧಾರಿತ ಅರಿವಿನ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ವಿಶ್ರಾಂತಿಯ ತರಬೇತಿಯನ್ನೂ ಕೊಟ್ಟಿತು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನವರ ಸಂಕಟ ಕಡಿಮೆಯಾಯಿತು, ಮೈಂಡ್‌ಫುಲ್‌ನೆಸ್ ಗುಂಪಿನಲ್ಲಿ ಹೆಚ್ಚು ಕಡಿಮೆಯಾಯಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲೂ ಈ ಚಿಕಿತ್ಸೆಗೆ ಜಾಗವಿದೆ. ಆದರೆ ಅಲ್ಲಿ ಭಾಗವಹಿಸಿದವರು ವಯಸ್ಕರು, ಮತ್ತು ಹೆಡ್‌ಸೆಟ್ ಬಳಕೆಯಾಗಿರಲಿಲ್ಲ. ಎದುರಿಗೆ ಕುಳಿತ ಮನುಷ್ಯ ಕಲಿಸಿದ್ದು ಅದು. ಈ ಎರಡು ವ್ಯತ್ಯಾಸಗಳನ್ನು ಮರೆತು, 'ಮೈಂಡ್‌ಫುಲ್‌ನೆಸ್ ಸಾಬೀತಾಗಿದೆ, ಆದ್ದರಿಂದ ವಿಆರ್ ಕೊಳ್ಳಿ' ಎಂದು ಮಾರುವವರಿದ್ದಾರೆ.

ತ್ರೀಡಿ ಕೆಲಸಗಾರ
ಮಾರುವವರನ್ನು ಬೈಯಿರಿ, ತಂತ್ರಜ್ಞಾನವನ್ನು ಬೈಯಬೇಡಿ. ನಾನು ವಿಆರ್ ದೃಶ್ಯಗಳನ್ನು ಕಟ್ಟುವ ಕೆಲಸ ಮಾಡುತ್ತೇನೆ. ವೈದ್ಯಕೀಯದಲ್ಲಿ ಇದು ನಿನ್ನೆ ಮೊನ್ನೆಯದಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಅವರು 1990ರ ದಶಕದಲ್ಲೇ ಸುಟ್ಟಗಾಯದ ರೋಗಿಗಳಿಗೆ ಡ್ರೆಸ್ಸಿಂಗ್ ಬದಲಿಸುವ ಹೊತ್ತಿನಲ್ಲಿ ವಿಆರ್ ಬಳಸಿದರು. ಅವರ ಸ್ನೋವರ್ಲ್ಡ್ ಎಂಬ ಲೋಕದಲ್ಲಿ ರೋಗಿ ಹಿಮದ ಕಣಿವೆಯೊಳಗೆ ತೇಲುತ್ತಾ ಹಿಮದ ಉಂಡೆ ಎಸೆಯುತ್ತಾನೆ. ನೋವಿನ ಕಡೆ ಹೋಗಬೇಕಾದ ಗಮನ ಆಟದ ಕಡೆ ಹೋಗುತ್ತದೆ. 2021ರ ನವೆಂಬರಿನಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ದೀರ್ಘಕಾಲದ ಸೊಂಟನೋವಿಗೆಂದು ಮನೆಯಲ್ಲೇ ಬಳಸುವ ಎಂಟು ವಾರಗಳ ವಿಆರ್ ಕಾರ್ಯಕ್ರಮವೊಂದಕ್ಕೆ ಅನುಮತಿ ಕೊಟ್ಟಿತು. ಅದು ವಯಸ್ಕರಿಗೆ ಎಂಬುದನ್ನು, ಯಾರಾದರೂ ಹೇಳುವ ಮೊದಲು, ನಾನೇ ಹೇಳುತ್ತೇನೆ.

ಮಕ್ಕಳ ಶಬ್ದದ ತೊಂದರೆಗೆ ಇನ್ನೂ ಹತ್ತಿರದ ಉದಾಹರಣೆ ಯಾರ್ಕ್ ವಿಶ್ವವಿದ್ಯಾಲಯದ ಸೌಂಡ್‌ಫೀಲ್ಡ್ಸ್. ಆಟಿಸಂ ಇದ್ದು ಶಬ್ದಕ್ಕೆ ಅತಿಯಾಗಿ ಬೆದರುವವರಿಗೆಂದು ಕಟ್ಟಿದ ಆಟ ಅದು, 2020ರಲ್ಲಿ ಅದರ ಪ್ರಬಂಧ ಬಂತು. ಮಗುವಿಗೆ ಸಂಕಟ ಕೊಡುವ ಸದ್ದು ಆ ಲೋಕದಲ್ಲಿ ಒಂದು ದಿಕ್ಕಿನಿಂದ, ಒಂದು ದೂರದಿಂದ ಬರುತ್ತದೆ. ಆಡುತ್ತಾ ಆಡುತ್ತಾ ಮಗು ಅದರೊಂದಿಗೆ ವ್ಯವಹರಿಸುತ್ತದೆ. ನಾಲ್ಕು ವಾರಗಳಲ್ಲಿ ಆ ಸದ್ದುಗಳ ಬಗೆಗಿನ ಆತಂಕ ಇಳಿಯಿತು. ಗುಂಪು ತೀರ ಚಿಕ್ಕದು, ಒಪ್ಪುತ್ತೇನೆ.

ಆಡಿಯಾಲಜಿ_ಮೈಸೂರು
ನಿಮ್ಮ ಮೂರು ಉದಾಹರಣೆಗಳನ್ನು ಒಂದೇ ದಾರದಲ್ಲಿ ಪೋಣಿಸಬೇಡಿ. ಹಿಮದ ಉಂಡೆಯ ಆಟ ಗಮನವನ್ನು ಬೇರೆಡೆಗೆ ಎಳೆಯುತ್ತದೆ, ಡ್ರೆಸ್ಸಿಂಗ್ ಮುಗಿದರೆ ಅದರ ಕೆಲಸವೂ ಮುಗಿಯಿತು. ಮೈಂಡ್‌ಫುಲ್‌ನೆಸ್ ಇದಕ್ಕೆ ನೇರ ವಿರುದ್ಧ: ಇರುವ ಸದ್ದನ್ನು ಇದ್ದ ಹಾಗೆ ಗಮನಿಸು, ಅದರೊಡನೆ ಜಗಳವಾಡಬೇಡ, ಅದು ಬರಲಿ, ಹೋಗಲಿ ಎನ್ನುತ್ತದೆ. ಸೌಂಡ್‌ಫೀಲ್ಡ್ಸ್ ಮಾಡುವುದು ಹಂತಹಂತವಾಗಿ ಒಗ್ಗಿಸುವ ಕೆಲಸ. ಜಲಪಾತ, ಜಿಂಕೆ, ಮಿಂಚುಹುಳ ಎಲ್ಲವನ್ನೂ ತುಂಬಿ ಅದಕ್ಕೆ 'ಮೈಂಡ್‌ಫುಲ್‌ನೆಸ್' ಎಂದು ಹೆಸರಿಟ್ಟರೆ, ಮಗು ಅಲ್ಲಿರುವಷ್ಟು ಹೊತ್ತು ಖುಷಿಯಾಗಿರುತ್ತದೆ, ಹೆಡ್‌ಸೆಟ್ ತೆಗೆದ ಕೂಡಲೇ ಹಳೆಯ ಲೋಕ, ಹಳೆಯ ಕಿವಿ. ದಿನಕ್ಕೆ ಇಪ್ಪತ್ತು ನಿಮಿಷದ ಬಿಡುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಬಿಡುವನ್ನು ಚಿಕಿತ್ಸೆ ಎಂದು ಕರೆಯಬೇಡಿ.

ತ್ರೀಡಿ ಕೆಲಸಗಾರ
ಬೇರೆಡೆಗೆ ಎಳೆಯುವುದು, ಎದುರಿಗೆ ತರುವುದು, ಎರಡನ್ನೂ ಒಂದೇ ದೃಶ್ಯದಲ್ಲಿ ಮಾಡಬಹುದು ಎಂಬುದೇ ವಿಆರ್‌ನ ಬಲವಲ್ಲವೇ? ಮೊದಲು ಕಾಡು ಮಾತ್ರ. ಮಗು ನಿರಾಳವಾದ ಮೇಲೆ ದೂರದಲ್ಲಿ ಒಂದು ಗಂಟೆ, ಕೇಳಿಯೂ ಕೇಳದಷ್ಟು. ಗಂಟೆಯನ್ನು ಹತ್ತಿರ ತರುವ, ದೂರ ತಳ್ಳುವ ಗುಬುಟು ಮಗುವಿನ ಕೈಯಲ್ಲೇ ಇರುತ್ತದೆ. ನಿಜವಾದ ಶಾಲೆಯ ಗಂಟೆಗೆ ಇಂಥ ಗುಬುಟು ಇದೆಯೇ ಹೇಳಿ.

ಆಡಿಯಾಲಜಿ_ಮೈಸೂರು
ಹಾಗೆ ಕಟ್ಟಿದ್ದರೆ ಒಪ್ಪುತ್ತೇನೆ. ಅಂಗಡಿಯಲ್ಲಿ ಸಿಗುವ ಧ್ಯಾನದ ಆ್ಯಪ್‌ಗಳಲ್ಲಿ ನಾನು ನೋಡಿದವು ಯಾವುವೂ ಹಾಗಿಲ್ಲ. ಗುಬುಟಿನ ಗರಿಷ್ಠ ಮಟ್ಟವನ್ನು ಮಗುವನ್ನು ಪರೀಕ್ಷಿಸಿದವರು ಗೊತ್ತುಮಾಡಬೇಕೇ ಹೊರತು ಆ್ಯಪ್ ಮಾಡಿದವರಲ್ಲ.

ಯೋಗಶಾಲೆ
ಕ್ಷಮಿಸಿ, ಇಷ್ಟೆಲ್ಲ ಯಂತ್ರ ಏಕೆ? ಪದ್ಮಾಸನದಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಭ್ರಾಮರಿ ಪ್ರಾಣಾಯಾಮ ಮಾಡಿಸಿ. ಖರ್ಚಿಲ್ಲ, ಕರೆಂಟಿಲ್ಲ. ಮೌನದಲ್ಲಿ ಹತ್ತು ನಿಮಿಷ ಕುಳಿತರೆ ಮನಸ್ಸು ತಾನಾಗಿ ತಿಳಿಯಾಗುತ್ತದೆ.

ಲೆಸ್ಟರ್ ಕನ್ನಡಿಗ
ಟಿನ್ನಿಟಸ್ ಇರುವ ಮಗುವನ್ನು ಕತ್ತಲೆಯ, ಸದ್ದಿಲ್ಲದ ಕೋಣೆಯಲ್ಲಿ ಕಣ್ಣು ಮುಚ್ಚಿಸಿ ಕೂರಿಸಿ ನೋಡಿ ಸಾರ್, ಆಗ ಅದಕ್ಕೆ ಕೇಳಿಸುವುದು ಆ ಕುಯ್ ಒಂದೇ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬವರು ಕೇಳ್ಮೆ ಸರಿಯಾಗಿದ್ದ 80 ಮಂದಿ ವಯಸ್ಕರನ್ನು ಶಬ್ದನಿರೋಧಕ ಕೋಣೆಯಲ್ಲಿ ಕೂರಿಸಿ ಏನು ಕೇಳಿಸುತ್ತಿದೆ ಎಂದು ಕೇಳಿದಾಗ ಶೇಕಡಾ 94 ಮಂದಿ ಒಂದಲ್ಲ ಒಂದು ಸದ್ದನ್ನು ವರ್ಣಿಸಿದರು. ಸದ್ದಿಲ್ಲದ ಕಡೆ ಮೆದುಳು ಸದ್ದು ಹುಡುಕುತ್ತದೆ. ತುಂಗಾತೀರ ಅವರ ಮಗಳಿಗೆ ದೀಪ ಆರಿಸಿದ ಮೇಲೆಯೇ ಸದ್ದು ಕೇಳಿಸಲು ಇದೂ ಒಂದು ಕಾರಣವಿರಬಹುದು. ವಿಆರ್‌ನ ಪರವಾಗಿ ನಾನು ಹೇಳಬಹುದಾದದ್ದು ಇಷ್ಟು: ಉಸಿರಿನ ಅಭ್ಯಾಸ ಕಲಿಯುವ ಹೊತ್ತಿನಲ್ಲಿ ಹಿನ್ನೆಲೆಯಲ್ಲಿ ಮೆಲ್ಲಗೆ ನೀರಿನ ಸದ್ದು ಇರುತ್ತದೆ, ಪೂರ್ತಿ ಮೌನ ಇರುವುದಿಲ್ಲ. ಆದರೆ ಅಷ್ಟಕ್ಕೆ ಹೆಡ್‌ಸೆಟ್ಟೇ ಬೇಕಾಗಿಲ್ಲ, ಮಲಗುವ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೂ ನಡೆಯುತ್ತದೆ.

ಯೋಗಶಾಲೆ
ಭ್ರಾಮರಿಯಲ್ಲಿ ಮೌನವೆಲ್ಲಿದೆ? ಅದು ಗುಂಯ್‌ಗುಡುವ ಅಭ್ಯಾಸ. ಆ ಸದ್ದನ್ನು ಮಗುವೇ ಹುಟ್ಟಿಸುತ್ತದೆ, ಮಗುವೇ ನಿಲ್ಲಿಸುತ್ತದೆ. ಈಗ ನೀವೇ ಹೇಳಿದ ಗುಬುಟು ಇದಲ್ಲದೆ ಇನ್ನೇನು?

ತ್ರೀಡಿ ಕೆಲಸಗಾರ
ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಚೆನ್ನಾಗಿ ಹೊಡೆದಿರಿ.

ಹುಬ್ಬಳ್ಳಿ ಅಮ್ಮ
ನನ್ನ ಮಗನ ಎದುರು ಯಾರಾದರೂ ಭ್ರಾಮರಿ ಮಾಡಿದರೆ ಅವರ ಗತಿ ಏನೆಂದು ನಾನು ಹೇಳಲಾರೆ.

ಆಪ್ಟೋ_ಮಂಗಳೂರು
ವಯಸ್ಸಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಮೆಟಾ ಕಂಪನಿ ತನ್ನ ಕ್ವೆಸ್ಟ್ ಹೆಡ್‌ಸೆಟ್‌ಗಳಿಗೆ 13 ವರ್ಷ ಎಂದಿದ್ದ ಮಿತಿಯನ್ನು 2023ರಲ್ಲಿ, ಪೋಷಕರ ನಿಯಂತ್ರಣದ ಖಾತೆ ಇದ್ದರೆ, 10ಕ್ಕೆ ಇಳಿಸಿತು. ಸೋನಿಯ ಪ್ಲೇಸ್ಟೇಷನ್ ವಿಆರ್‌ಗೆ 12 ವರ್ಷ. ಎಂದರೆ ಒಂಬತ್ತು ವರ್ಷದವಳಿಗೆ ಈ ಎರಡೂ ಕಂಪನಿಗಳು 'ಬೇಡ' ಎಂದೇ ಹೇಳಿವೆ. ಎಚ್ಚರ ಬೇಕು ಎನ್ನಲು ಒಂದು ಕಾರಣ ಕಣ್ಣಿನ ಗೊಂದಲ: ದೂರದ ಬೆಟ್ಟ ನೋಡುವಂತೆ ಎರಡೂ ಕಣ್ಣು ತಿರುಗುತ್ತವೆ, ಆದರೆ ಕಣ್ಣೊಳಗಿನ ಮಸೂರ ಮಾತ್ರ ಹೆಡ್‌ಸೆಟ್ಟಿನ ಮಸೂರದಾಚೆಯ ಒಂದೇ ನಿಗದಿತ ದೂರಕ್ಕೆ ಹೊಂದಿಕೊಂಡು ನಿಲ್ಲಬೇಕು. ಇದರಿಂದ ಕೆಲವರಿಗೆ ಕಣ್ಣು ಆಯಾಸ, ತಲೆನೋವು, ವಾಕರಿಕೆ ಬರುತ್ತದೆ. ಮಕ್ಕಳಲ್ಲಿ ಎರಡು ಕಣ್ಣುಗಳ ನಡುವಣ ಅಂತರವೂ ಚಿಕ್ಕದು, ಕೆಲವು ಹೆಡ್‌ಸೆಟ್‌ಗಳು ಅಷ್ಟಕ್ಕೆ ಹೊಂದುವುದಿಲ್ಲ. ಕ್ವೆಸ್ಟ್‌ನಂಥದು ಅರ್ಧ ಕಿಲೋದಷ್ಟು ತೂಗುತ್ತದೆ ಎಂಬುದನ್ನೂ ಚಿಕ್ಕ ಕತ್ತಿನ ದೃಷ್ಟಿಯಿಂದ ನೋಡಿ. ಮೂರ್ಛೆರೋಗದ ಹಿನ್ನೆಲೆ ಇದ್ದರೆ ನರರೋಗ ತಜ್ಞರನ್ನು ಕೇಳದೆ ಹಾಕಲೇಬಾರದು.

ತರಗತಿ ನಾಲ್ಕು
ಆಟಿಸಂ ಇರುವ ಮಕ್ಕಳು ತಲೆಗೆ ಟೋಪಿ ಹಾಕಿಸಿಕೊಳ್ಳುವುದಕ್ಕೇ ಒಪ್ಪುವುದಿಲ್ಲ ಎಂಬುದನ್ನು ಇದಕ್ಕೆ ಸೇರಿಸಿ. ಶಬ್ದದ ತೊಂದರೆ ಕಳೆಯಲು ಸ್ಪರ್ಶದ ತೊಂದರೆ ತಂದ ಹಾಗಾಗುತ್ತದೆ.

ತುಂಗಾತೀರ
ಹಾಗಾದರೆ ಹೆಡ್‌ಸೆಟ್ ಸದ್ಯಕ್ಕೆ ಬೇಡ ಎಂದೇ ಕಾಣುತ್ತದೆ. ಇನ್ನೊಂದು ಪ್ರಶ್ನೆ. ಕಟ್ಟಡ ಕೆಲಸದವರು ಹಾಕುವಂಥ ಇಯರ್‌ಮಫ್ ಒಂದನ್ನು ತರಿಸಿಕೊಟ್ಟಿದ್ದೇವೆ. ಅವಳು ಅದನ್ನು ಬೆಳಗ್ಗೆ ಹಾಕಿದರೆ ರಾತ್ರಿಯೇ ತೆಗೆಯುವುದು. ಅದರಿಂದ ನೆಮ್ಮದಿಯಾಗಿದ್ದಾಳೆ.

ಆಡಿಯಾಲಜಿ_ಮೈಸೂರು
ಇದನ್ನು ಮಾತ್ರ ದಯವಿಟ್ಟು ಇವತ್ತಿನಿಂದಲೇ ಬದಲಿಸಲು ಆರಂಭಿಸಿ. ಕ್ರೇಗ್ ಫಾರ್ಂಬಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಿವಿ ಸರಿಯಾಗಿದ್ದ ಜನರಿಗೇ ಎರಡು ವಾರ ಇಯರ್‌ಪ್ಲಗ್ ಹಾಕಿಸಿದಾಗ ಅವರಿಗೆ ಶಬ್ದಗಳು ಮೊದಲಿಗಿಂತ ಜೋರಾಗಿ ಕೇಳಿಸತೊಡಗಿದವು. ಅಷ್ಟೇ ಕಾಲ ಒಂದೇ ಸಮನೆಯ ಮೆಲ್ಲಗಿನ ಸದ್ದನ್ನು ಕಿವಿಗೆ ಕೊಟ್ಟಾಗ ಇದಕ್ಕೆ ವಿರುದ್ಧವಾಯಿತು. ಒಳಗೆ ಬರುವ ಸದ್ದು ಕಡಿಮೆಯಾದರೆ, ಮುಚ್ಚಿದ ಕೋಣೆಯಲ್ಲಿ ಕುಳಿತವನು ರೇಡಿಯೊದ ವಾಲ್ಯೂಮ್ ಏರಿಸಿಕೊಳ್ಳುವಂತೆ, ಮೆದುಳು ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಇಯರ್‌ಮಫ್ ಪಟಾಕಿಗೆ, ಡಿಜೆ ಮೆರವಣಿಗೆಗೆ ಇರಲಿ. ಮನೆಯೊಳಗಿನ ಮಾತು, ಪಾತ್ರೆ, ಫ್ಯಾನಿನ ಸದ್ದಿಗೆ ಬೇಡ. ಹಾಗೆಂದು ಒಮ್ಮೆಲೇ ಕಸಿದುಕೊಳ್ಳಬೇಡಿ. ಊಟದ ಹೊತ್ತು ಅಥವಾ ಕಥೆ ಕೇಳುವ ಹೊತ್ತು, ಒಂದೊಂದಾಗಿ ಬಿಡಿಸಿ.

ಹೆಡ್‌ಫೋನ್ ಬಳಸುವುದೇ ಆದರೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) 2019ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ಮಕ್ಕಳಿಗೆ ವಾರಕ್ಕೆ 40 ಗಂಟೆಗೆ 75 ಡೆಸಿಬೆಲ್ ಮಿತಿ, ದೊಡ್ಡವರಿಗೆ 80. ವಿಆರ್‌ನ ಸ್ಪೀಕರಿಗೂ ಇದೇ ಅನ್ವಯ.

ಚನ್ನರಾಯಪಟ್ಟಣದವ
ಎಲ್ಲರೂ ಮಗುವನ್ನು ತಿದ್ದುವ ಮಾತನ್ನೇ ಆಡುತ್ತಿದ್ದೀರಿ. ನಮ್ಮ ಬೀದಿಯ ಗಣಪತಿ ಪೆಂಡಾಲಿನ ಸ್ಪೀಕರ್ ಯಾರು ತಿದ್ದುತ್ತಾರೆ? 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಬರೆದಿದೆ, ಆಸ್ಪತ್ರೆ ಮತ್ತು ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದೂ ಇದೆ. ಓದಿದವರು ಯಾರು, ಪಾಲಿಸಿದವರು ಯಾರು?

ನಿವೃತ್ತ ಮೇಷ್ಟ್ರು
ದೂರು ಕೊಟ್ಟವನ ಹೆಸರು ಪೆಂಡಾಲಿಗೆ ತಲುಪುವುದು ಮಾತ್ರ ಶಬ್ದಕ್ಕಿಂತ ವೇಗ.

ತರಗತಿ ನಾಲ್ಕು
ಪೆಂಡಾಲನ್ನು ಬಿಡಿ, ಶಾಲೆಯಲ್ಲಿ ನಾವೇ ಮಾಡಬಹುದಾದದ್ದಿದೆ. ನಮ್ಮಲ್ಲಿ ಒಬ್ಬ ಹುಡುಗ ಗಂಟೆ ಹೊಡೆಯುವ ಹೊತ್ತಾಗುತ್ತಿದ್ದಂತೆ ಮೇಜಿನ ಕೆಳಗೆ ಸೇರುತ್ತಿದ್ದ. ತೂಗುಹಾಕಿದ ಹಳಿ ತುಂಡಿಗೆ ಕಬ್ಬಿಣದ ಸರಳಿನಿಂದ ಹೊಡೆಯುವ ಗಂಟೆ ಅದು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಮೊದಲು ಅವನಿಗೆ ಗಡಿಯಾರ ನೋಡಿ 'ಇನ್ನೆರಡು ನಿಮಿಷ' ಎಂದು ಜವಾನನಿಗೆ ಹೇಳುವ ಕೆಲಸ ಕೊಟ್ಟೆವು. ಆಮೇಲೆ ದೂರ ನಿಂತು ಕೈ ಬೀಸಿ ಸನ್ನೆ ಮಾಡುವ ಕೆಲಸ. ಕೊನೆಗೆ ಸರಳಿನ ತುದಿಗೆ ಬಟ್ಟೆ ಸುತ್ತಿ ಅವನ ಕೈಗೇ ಕೊಟ್ಟೆವು. ಈಗ ಬಟ್ಟೆ ಇಲ್ಲದೆಯೇ ಹೊಡೆಯುತ್ತಾನೆ, ಸ್ವಲ್ಪ ಹೆಚ್ಚೇ ಹೊಡೆಯುತ್ತಾನೆ. ಬೇರೆ ಯಾರಾದರೂ ಹೊಡೆದರೆ ಇನ್ನೂ ಮುಖ ಕಿವಿಚುತ್ತಾನೆ, ಆದರೆ ಮೇಜಿನ ಕೆಳಗೆ ಹೋಗುವುದಿಲ್ಲ.

ತ್ರೀಡಿ ಕೆಲಸಗಾರ
ಟೀಚರ್, ನಾನು ಸಾಫ್ಟ್‌ವೇರಿನಲ್ಲಿ ಕಟ್ಟಲು ಹೊರಟಿದ್ದನ್ನು ನೀವು ಬಟ್ಟೆ ಸುತ್ತಿ ಮುಗಿಸಿದ್ದೀರಿ. ಆದರೂ ಒಂದು ಮಾತು ಹೇಳುತ್ತೇನೆ: ಮದುವೆಮನೆಯ ಡೋಲನ್ನೋ ರೈಲು ನಿಲ್ದಾಣವನ್ನೋ ಅಭ್ಯಾಸಕ್ಕೆಂದು ಶಾಲೆಗೆ ತರಲಾಗುವುದಿಲ್ಲ. ವಿಆರ್ ಅಲ್ಲಿ ಬೇಕು.

ಆಡಿಯಾಲಜಿ_ಮೈಸೂರು
ಟೀಚರ್ ಮಾಡಿದ್ದರಲ್ಲಿ ಎರಡು ಅಂಶಗಳಿವೆ: ಸದ್ದು ಯಾವಾಗ ಬರುತ್ತದೆ ಎಂಬ ಅರಿವು, ಅದರ ಮೇಲೆ ಹಿಡಿತ. ಹೈಪರಾಕ್ಯುಸಿಸ್ ಇರುವ ಹೆಚ್ಚಿನ ಮಕ್ಕಳಿಗೆ ಸದ್ದಿಗಿಂತ ಮೊದಲೇ ನಿರೀಕ್ಷೆಯ ಭಯ ಬರುತ್ತದೆ. ಮೈಂಡ್‌ಫುಲ್‌ನೆಸ್‌ಗೆ ನಿಜವಾದ ಕೆಲಸವಿರುವುದು ಆ ನಡುವಿನ ಹೊತ್ತಿನಲ್ಲಿ: ಎದೆ ಹೊಡೆದುಕೊಳ್ಳುತ್ತಿದೆ, ಭುಜ ಮೇಲೇರಿದೆ ಎಂದು ಮಗು ತಾನೇ ಗುರುತಿಸುವುದು, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸುವುದು, ಉಸಿರನ್ನು ನಿಧಾನವಾಗಿ ಬಿಡುವುದು. ಅದನ್ನು ಹೆಡ್‌ಸೆಟ್ಟಿನಲ್ಲಿ ಕಲಿತರೂ ಅಡ್ಡಿಯಿಲ್ಲ, ಅಜ್ಜಿಯ ತೊಡೆಯ ಮೇಲೆ ಕಲಿತರೂ ಅಡ್ಡಿಯಿಲ್ಲ, ಬಳಸಬೇಕಾದ ಜಾಗದಲ್ಲಿ ಬಳಸಲು ಬರಬೇಕು. ಹತ್ತು ದಾಟಿದ, ಕಣ್ಣಿನ ಪರೀಕ್ಷೆಯಾದ, ಹಾಕಿಕೊಳ್ಳಲು ತಾನೇ ಇಷ್ಟಪಡುವ ಮಗುವಿಗೆ, ಚಿಕಿತ್ಸಕರ ಎದುರಿನಲ್ಲಿ, ಚಿಕ್ಕ ಚಿಕ್ಕ ಅವಧಿಗೆ ವಿಆರ್ ಬಳಸುವುದನ್ನು ನಾನು ವಿರೋಧಿಸುವುದಿಲ್ಲ. ತಂದೆತಾಯಿ ಒಂದು ಪೆಟ್ಟಿಗೆ ಕೊಂಡು ತಂದು ಮಗುವನ್ನು ಅದರೊಳಗೆ ಬಿಟ್ಟು ಹೋಗುವುದನ್ನು ವಿರೋಧಿಸುತ್ತೇನೆ.

ಹುಬ್ಬಳ್ಳಿ ಅಮ್ಮ
ಈ ಗುಬುಟಿನ ಉಪಾಯವನ್ನು ನನ್ನ ಮಗನಿಗೂ ಮಾಡಲೇ? ಅಪ್ಪ ರೊಟ್ಟಿ ತಿನ್ನುವುದನ್ನು ರೆಕಾರ್ಡ್ ಮಾಡಿ, ಮೆಲ್ಲಗಿನಿಂದ ಜೋರಿನವರೆಗೆ ಕೇಳಿಸುವುದು?

ಆಡಿಯಾಲಜಿ_ಮೈಸೂರು
ಬೇಡ, ನೀವಾಗಿ ಮಾಡಬೇಡಿ. ಮಿಸೊಫೋನಿಯಾದಲ್ಲಿ ತೊಂದರೆ ಇರುವುದು ಸದ್ದಿನ ಮಟ್ಟದಲ್ಲಲ್ಲ, ಬರೀ ಮತ್ತೆ ಮತ್ತೆ ಕೇಳಿಸಿದರೆ ಸಿಟ್ಟು ಇನ್ನಷ್ಟು ಬೇರೂರುವ ಅಪಾಯವಿದೆ. ಆಮ್‌ಸ್ಟರ್‌ಡ್ಯಾಮಿನ ಮನೋವೈದ್ಯರ ತಂಡ, 2013ರಲ್ಲಿ ಇದಕ್ಕೆ ರೋಗನಿರ್ಣಯದ ಮಾನದಂಡಗಳನ್ನು ಪ್ರಸ್ತಾಪಿಸಿದವರು ಅವರೇ, ಗುಂಪಿನಲ್ಲಿ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ವರ್ತನೆಗಳನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಕೊಟ್ಟು ಒಳ್ಳೆಯ ಫಲ ಕಂಡಿದ್ದಾರೆ. ಅದರಲ್ಲಿ ಗಮನವನ್ನು ಹೊರಳಿಸುವ ಅಭ್ಯಾಸವೂ ಕೆರಳಿದ ದೇಹವನ್ನು ತಣಿಸುವ ಅಭ್ಯಾಸವೂ ಸೇರಿವೆ. ಅಲ್ಲಿಯವರೆಗೆ ಊಟದ ಹೊತ್ತಿಗೆ ಮೆಲ್ಲಗೆ ರೇಡಿಯೊ ಹಾಕಿ, ಅವನ ಜಾಗವನ್ನು ಅಪ್ಪನ ಎದುರಿನಿಂದ ಪಕ್ಕಕ್ಕೆ ಬದಲಿಸಿ. ಅಗಿಯುವ ಬಾಯಿ ಕಾಣದಿದ್ದರೆ ಕೆಲವರಿಗೆ ಎಷ್ಟೋ ವಾಸಿ. ಅವನು ತಟ್ಟೆ ಎತ್ತಿಕೊಂಡು ಹೋದರೆ ಹಿಂದಿನಿಂದ ಕೂಗಬೇಡಿ.

ಹುಬ್ಬಳ್ಳಿ ಅಮ್ಮ
ಜಾಗ ಬದಲಿಸುವುದು ಇವತ್ತೇ ಆಗುತ್ತದೆ. ರೊಟ್ಟಿ ಬಿಡಿಸುವುದು ಈ ಜನ್ಮದಲ್ಲಿ ಆಗುವುದಿಲ್ಲ. ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು? ಇಲ್ಲಿ ನಾವು ಕೇಳಿದ ಕಡೆಯಲ್ಲೆಲ್ಲ ಆ ಹೆಸರನ್ನೇ ನಾವು ಬಿಡಿಸಿ ಹೇಳಬೇಕಾಯಿತು.

ಆಡಿಯಾಲಜಿ_ಮೈಸೂರು
ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಡಿಯಾಲಜಿ, ಕಿವಿ, ಮೂಗು, ಗಂಟಲಿನ ವಿಭಾಗ ಮತ್ತು ಚಿಕಿತ್ಸಾ ಮನೋವಿಜ್ಞಾನ ಒಂದೇ ಆವರಣದಲ್ಲಿ ಸಿಗುತ್ತವೆ. ಬೆಂಗಳೂರು ಹತ್ತಿರವೆನಿಸಿದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಹೋಗುವ ಮೊದಲು, ಯಾವ ಸದ್ದು, ಯಾರಿಂದ ಬಂದದ್ದು, ಯಾವ ಹೊತ್ತು, ಆಗ ಅವನು ಏನು ಮಾಡಿದ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಅವನೇ ಬರೆಯಲಿ.

ತುಂಗಾತೀರ
ನಮ್ಮ ಹಳೆಯ ಆಡಿಯೊಗ್ರಾಮ್ (ಶ್ರವಣ ಪರೀಕ್ಷೆಯ ವರದಿ) ಇದ್ದರೆ ಸಾಕೇ, ಅಥವಾ ಎಲ್ಲವನ್ನೂ ಮತ್ತೆ ಮಾಡಿಸಬೇಕೇ?

ಆಡಿಯಾಲಜಿ_ಮೈಸೂರು
ತನ್ನಿ, ಹೋಲಿಸಲು ಬೇಕಾಗುತ್ತದೆ. ಆದರೆ ಆರು ತಿಂಗಳಿಗಿಂತ ಹಳೆಯದಾದರೆ ಮತ್ತೆ ಮಾಡುತ್ತಾರೆ ಎಂದೇ ತಿಳಿದುಕೊಂಡು, ಒಂದು ಇಡೀ ದಿನ ಬಿಡುವು ಮಾಡಿಕೊಂಡು ಬೆಳಗ್ಗೆ ಬೇಗ ಹೋಗಿ.